ಕಂಪ್ರೆಸರ್‌ನ ಗುಮಾನಿ

ವಾರಿಜಮ್ಮನವರ ಫ್ರಿಜ್ಜಿನ ಕಂಪ್ರೆಸರ್ ಗುಂಯ್‌ಗುಡುತ್ತಿತ್ತೇ ಹೊರತು ಓಡುತ್ತಿರಲಿಲ್ಲ. ಅದಕ್ಕೆ ಎಲ್ಲರ ಮೇಲೂ ಗುಮಾನಿ, ದಿನಾ ತನ್ನನ್ನು ನೂಕಿ ಎಬ್ಬಿಸುವ ಕೆಪಾಸಿಟರ್ ಒಂದನ್ನು ಬಿಟ್ಟು. ವಾರಿಜಮ್ಮ ಪ್ಲಗ್ ಕಿತ್ತು, ಹೊಟ್ಟೆ ಉಬ್ಬಿದ್ದ ಕೆಪಾಸಿಟರ್‌ನಲ್ಲಿ ಉಳಿದಿದ್ದ ಕರೆಂಟು ಇಳಿಸಿ, ಅದಕ್ಕೆ ಮೀಟರಿನ ಕಡ್ಡಿ ತಾಗಿಸಿದರು.

"ಇವನಲ್ಲಿ ಕಸುವಿಲ್ಲ," ಎಂದಿತು ಮೀಟರ್.

"ಚಾಡಿ ಹೇಳಬೇಡ. ತಿಂದು ತೇಗಿದವನ ಹೊಟ್ಟೆ ಅದು," ಎಂದಿತು ಕಂಪ್ರೆಸರ್.

"ತಿಂದು ಬಂದ ಹೊಟ್ಟೆಯಲ್ಲ, ಕೆಟ್ಟು ಊದಿದ ಹೊಟ್ಟೆ."

ಹಳೆಯದರ ಜಾಗಕ್ಕೆ ಹೊಸ ಕೆಪಾಸಿಟರ್ ಬಂದು ಕೂತಿತು.

"ಹೊಟ್ಟೆಯೇ ಇಲ್ಲದವನೇ, ಇಲ್ಲೇನು ಕದಿಯಲು ಬಂದೆ?" ಎಂದು ಕಂಪ್ರೆಸರ್ ಕೇಳಿತು.

ವಾರಿಜಮ್ಮ ಪ್ಲಗ್ ಹಾಕಿದೊಡನೆ ಹೊಸ ಕೆಪಾಸಿಟರ್ ಕಂಪ್ರೆಸರನ್ನು ಜೋರಾಗಿ ಒಮ್ಮೆ ನೂಕಿ ಸುಮ್ಮನಾಯಿತು.

ಕಂಪ್ರೆಸರ್ ಓಡುತ್ತಲೇ ಮೀಟರಿಗೆ ಪಿಸುಗುಟ್ಟಿತು: "ನೋಡಿದೆಯಾ, ಓಡುತ್ತಿರುವವನು ನಾನು, ಸುಮ್ಮನೆ ಕೂತವನು ಇವನು. ಇವನ ಮೇಲೊಂದು ಕಣ್ಣಿಟ್ಟಿರು."