ಎಡಗಾಲನ್ನು ಯಾರೂ ಕೇಳಲಿಲ್ಲ

ಬನ್ನಿ, ಒತ್ತಿಕೊಂಡು ಕೂತುಕೊಳ್ಳಿ. ಕಾಲು ಚಾಚಬೇಡಿ, ಮಡಚಿಕೊಳ್ಳಿ. ಇದು ಕಾಲಿನ ಕಥೆ.

ಕೆಮ್ಮಣ್ಣುಗಡ ಅನ್ನೋ ರಾಜ್ಯದಲ್ಲಿ ಒಬ್ಬ ರಾಜನಿದ್ದ. ಒಳ್ಳೆಯವನೋ ಕೆಟ್ಟವನೋ ಅಂತ ಕೇಳಬೇಡಿ. ಎತ್ತರದಲ್ಲಿ ಕೂತವನು, ಕೆಳಗೆ ನೋಡೋದು ಕಡಿಮೆ. ಅಷ್ಟು ಗೊತ್ತಿದ್ದರೆ ಸಾಕು. ಆ ರಾಜನಿಗೊಬ್ಬ ಕೊತ್ವಾಲ, ಹೆಸರು ಜಗದಪ್ಪ. ಊರ ಕಾವಲು ಅವನದು, ಉಗ್ರಾಣದ ಬೀಗ ಅವನದು, ಕಳ್ಳರ ವಿಚಾರಣೆಯೂ ಅವನದೇ.

ಗಡದಿಂದ ಎರಡು ತಾಸಿನ ದಾರಿ ನಡೆದರೆ ಒಂದು ಹಳ್ಳಿ. ಅಲ್ಲಿ ಹುಲಿಗೆವ್ವ ಅಂತ ಒಬ್ಬಳು ಹುಡುಗಿ. ಅವಳು ಹೆಜ್ಜೆ ಓದುವವಳು. ಅಪ್ಪ ಸಾಯುವ ಮುಂಚೆ ಕಲಿಸಿಕೊಟ್ಟಿದ್ದ ವಿದ್ಯೆ. ನಾವು ಪುಸ್ತಕ ಓದುವ ಹಾಗೆ ಅವಳು ನೆಲ ಓದುತ್ತಿದ್ದಳು. "ಈ ದಾರೀಲಿ ಒಬ್ಬ ಬಸುರಿ ಹೋಗಿದ್ದಾಳೆ, ಸೊಂಟದ ಎಡಕ್ಕೆ ಕೊಡ ಇತ್ತು, ಮನೆಗೆ ಹೋಗೋಕೆ ಮನಸ್ಸಿರಲಿಲ್ಲ" ಅನ್ನುತ್ತಿದ್ದಳು. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು.

ಆ ವರ್ಷ ಅವಳಿಗೆ ಒಂದೇ ವಾರದಲ್ಲಿ ಮೂರು ಕಡೆಯಿಂದ ಕರೆ ಬಂತು.

ಮೊದಲನೆಯದು ಗಡದಿಂದ. ಅರಮನೆಯ ಉಗ್ರಾಣದಲ್ಲಿ ಮೂರು ವರ್ಷಕ್ಕೆ ಮೂರು ಸಲ ಕಳವಾಗಿತ್ತು. ರಾಜ ಬೇಸತ್ತು, "ಈ ಸಲ ಹೆಜ್ಜೆ ಓದುವವರನ್ನೇ ಕಾವಲಿಗೆ ಹಾಕು" ಅಂದಿದ್ದ. ಕೊತ್ವಾಲನೇ ಕುದುರೆ ಹತ್ತಿ ಹಳ್ಳಿಗೆ ಬಂದ.

"ಮೂರು ದಿನ ಗಡುವು ಕೊಡ್ತೀನಿ. ನಾಲ್ಕನೇ ದಿನ ಈ ಕೆಲಸ ಇರೋದಿಲ್ಲ" ಅಂದ.

ಅವ್ವ ಅವತ್ತು ಒಲೆಯನ್ನೇ ಹಚ್ಚಲಿಲ್ಲ, ಊರೆಲ್ಲ ತಿರುಗಿ ಸುದ್ದಿ ಹೇಳಿ ಬಂದಳು. "ಅರಮನೆ ಕೆಲಸ ಕಣೇ! ತಲೆಗೆ ಪೇಟ, ಕೈಗೆ ಬೆತ್ತ, ವರ್ಷಕ್ಕೆ ಎರಡು ಸೀರೆ. ನೀನು ಹೋದ ಕಡೆ ನಾಲ್ಕು ಜನ ಎದ್ದು ನಿಲ್ತಾರೆ."

"ಇನ್ನೂ ಎರಡು ಕರೆ ಇದಾವಲ್ಲವ್ವ?"

"ದನ ಹುಡುಕೋದು, ಉಪ್ಪಿನ ಹಿಂದೆ ಅಲೆಯೋದು. ಅವೂ ಕೆಲಸವೇನೇ? ಅದಕ್ಕೆ ಯಾರು ಎದ್ದು ನಿಲ್ತಾರೆ?"

ಅವ್ವನ ಮಾತು ಹುಲಿಗೆವ್ವನಿಗೆ ನಾಟಲಿಲ್ಲ ಅಂತ ತಿಳಿಯಬೇಡಿ. ಮೊದಲು ಬಂದ ಕೆಲಸ ಎಲ್ಲರಿಗೂ ಚೆಂದ ಕಾಣುತ್ತೆ. ನಮ್ಮನ್ನೂ ಒಬ್ಬರು ಬೇಕು ಅಂದರಲ್ಲ ಅನ್ನೋ ಸಂತೋಷಕ್ಕೆ ಕಣ್ಣು ಸ್ವಲ್ಪ ಮಂಜಾಗುತ್ತೆ. ಅವಳೂ ಕನ್ನಡಿ ಮುಂದೆ ನಿಂತು ಅಪ್ಪನ ಹಳೇ ಪಂಚೆಯನ್ನು ಪೇಟ ಸುತ್ತಿ ನೋಡಿಕೊಂಡಳು. ಚೆನ್ನಾಗೇ ಕಾಣಿಸಿತು.

ಆದರೂ ಹೆಜ್ಜೆ ಓದುವವಳು. ನೋಡದೆ ಹೆಜ್ಜೆ ಇಡುವವಳಲ್ಲ.

ಮೊದಲ ದಿನ ಕುರುಬರ ಹಟ್ಟಿಗೆ ಹೋದಳು. ತಪ್ಪಿಸಿಕೊಂಡ ಕುರಿ, ದನ ಹುಡುಕಿಕೊಡುವ ಕೆಲಸ. "ನನಗಿಂತ ಮುಂಚೆ ಈ ಕೆಲಸ ಮಾಡ್ತಿದ್ದೋರು ಎಲ್ಲಿ?" ಅಂತ ಕೇಳಿದಳು. ಹಟ್ಟಿಯ ಯಜಮಾನ ನಕ್ಕು, ಬೇಲಿಯ ಪಕ್ಕ ಕೈ ತೋರಿಸಿದ. ಅಲ್ಲೊಬ್ಬ ನಡುವಯಸ್ಸಿನವನು ತನ್ನದೇ ಇಪ್ಪತ್ತು ಕುರಿಗಳ ಉಣ್ಣೆ ಕತ್ತರಿಸುತ್ತ ಕೂತಿದ್ದ.

ಎರಡನೇ ದಿನ ಉಪ್ಪಿನ ಎತ್ತುಗಳ ಬಿಡಾರಕ್ಕೆ ಹೋದಳು. ನೂರು ಎತ್ತಿನ ಮೇಲೆ ಸಮುದ್ರದ ಕಡೆಯಿಂದ ಉಪ್ಪು ಹೇರಿಕೊಂಡು ಬರುವ ತಾಂಡಾ ಅದು. ಯಜಮಾನಿಯ ಹೆಸರು ಸೋಮ್ಲಿಬಾಯಿ. ದಾರಿ ಅಳಿಸಿಹೋದ ಕಡೆ ಹಳೇ ಗೊರಸಿನ ಗುರುತು ಹುಡುಕಿ ಮುಂದೆ ನಡೆಯೋದು ಅಲ್ಲಿಯ ಕೆಲಸ. "ನನಗಿಂತ ಮುಂಚೆ ಇದ್ದೋರು?" ಅಂತ ಕೇಳಿದಳು. ಒಂದು ಎತ್ತಿನ ಮೇಲೆ ಹಣ್ಣು ಹಣ್ಣು ಮುದುಕಿಯೊಬ್ಬಳು ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು.

"ಅಗೋ, ಅವಳೇ. ಕಣ್ಣು ಕಾಣಲ್ಲ. ಬಿಟ್ಟು ಹೋಗು ಅಂದರೆ ಹೋಗಲ್ಲ, ಸುಮ್ನಿರು ಅಂದರೆ ಸುಮ್ನಿರಲ್ಲ" ಅಂದಳು ಸೋಮ್ಲಿಬಾಯಿ. "ನಾಳೆ ಸಂಜೆ ತನಕ ಇರ್ತೀವಿ. ಬರೋದಾದರೆ ಬಾ."

ಹುಲಿಗೆವ್ವನ ಕಾಲು ಆಗಲೇ ಆ ಕಡೆ ತಿರುಗಿತ್ತು. ಆದರೂ ಬೇಡ ಅಂತ ಹೇಳಿ ಬರೋಣ ಅಂತ ಮೂರನೇ ದಿನ ಗಡಕ್ಕೆ ಹೋದಳು.

ಗಡದ ಬಾಗಿಲ ಕೆಂಪು ಧೂಳಿನಲ್ಲಿ ಒಂದು ವಿಚಿತ್ರ ಗುರುತು ಕಂಡಳು. ಒಂದು ಎಡಪಾದ, ಪಕ್ಕದಲ್ಲಿ ಒಂದು ಕೋಲಿನ ತೂತು. ಸ್ವಲ್ಪ ಮುಂದೆ ಇನ್ನೊಬ್ಬರದು, ಎಡಪಾದ, ಕೋಲಿನ ತೂತು. ಮತ್ತೆ ಮೂರನೆಯದು. ಮೂರು ಜನ. ಮೂವರಿಗೂ ಬಲಪಾದ ಇಲ್ಲ.

ಒಂದು ಜಾಡು ಹಿಡಿದು ಹೋದಳು. ಅದು ಒಂದು ಹುಣಸೆಮರದ ಬುಡದಲ್ಲಿ ನಿಂತಿತು. ಅಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದವನ ಹೆಸರು ದುರುಗಪ್ಪ.

"ಅಣ್ಣಾ, ಕಾಲಿಗೇನಾಯ್ತು?"

"ಕೆಲಸ ಸಿಕ್ತು" ಅಂದ ದುರುಗಪ್ಪ. "ಉಗ್ರಾಣದ ಕಾವಲು. ನನ್ನ ಮೊದಲನೇ ಕೆಲಸ, ಕೊನೇದೂ ಅದೇ. ಸೇರೋವಾಗ ಹಸಿ ಜೇಡಿಮಣ್ಣಲ್ಲಿ ಬಲಗಾಲು ಒತ್ತಿಸಿ ಅಚ್ಚು ತಗೊಂಡರು. ಕಾವಲಿನವರನ್ನ ಗುರುತಿಡೋಕೆ ಹಳೇ ಪದ್ಧತಿ ಅಂದರು. ವರ್ಷ ಕಳೀತು, ಉಗ್ರಾಣದಲ್ಲಿ ಕಳವಾಯ್ತು. ಬಾಗಿಲ ಹತ್ತಿರ ಧೂಳಲ್ಲಿ ನನ್ನ ಪಾದದ ಗುರುತು. ಈ ರಾಜ್ಯದ ಕಾನೂನು ಗೊತ್ತಲ್ಲ, ಯಾವ ಪಾದದ ಗುರುತು ಸಿಕ್ತೋ ಆ ಪಾದ ಹೋಗಬೇಕು."

"ನೀನು ಕದ್ದಿದ್ದೆಯಾ?"

"ಇಲ್ಲಮ್ಮ. ಆದರೆ ಗುರುತು ನನ್ನದೇ. ಹಿಮ್ಮಡಿಯ ಬಿರುಕು ಸಮೇತ ನನ್ನದೇ. ಕೊನೆಗೆ ನನಗೇ ಅನುಮಾನ ಬಂತು, ನಿದ್ದೇಲಿ ಎದ್ದು ಹೋಗಿದ್ದೆನೇನೋ ಅಂತ. ನನ್ನ ಹಿಂದೆ ಮುಂದೆ ಇದ್ದ ಇಬ್ಬರಿಗೂ ಹೀಗೇ ಆಯ್ತು. ಪ್ರತಿ ಸಲ ಕಳ್ಳನ್ನ ಹಿಡಿದದ್ದಕ್ಕೆ ಕೊತ್ವಾಲರಿಗೆ ಶಾಲು ಹೊದಿಸಿದರು."

ಹುಲಿಗೆವ್ವ ಅವನ ಎಡಪಾದದ ಗುರುತಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಎಷ್ಟು ಗುರುತು ಇತ್ತಣ್ಣ?"

"ಒಂದೇ. ಬಲಗಾಲಿಂದು."

"ಎಡಗಾಲಿಂದು?"

ದುರುಗಪ್ಪನ ಕೈಯಲ್ಲಿ ಹಗ್ಗ ನಿಂತುಹೋಯಿತು. "ಎಡಗಾಲನ್ನ ಯಾರೂ ಕೇಳಲಿಲ್ಲಮ್ಮ" ಅಂದ.

"ಕಳ್ಳ ಏನು ಕುಂಟೆಬಿಲ್ಲೆ ಆಡ್ಕೊಂಡು ಬಂದನಾ?" ಅಂದಳು ಹುಲಿಗೆವ್ವ. ನಗು ಬರುವ ಮಾತು. ಇಬ್ಬರಿಗೂ ನಗು ಬರಲಿಲ್ಲ. ಕೊತ್ವಾಲನ ಹತ್ತಿರ ಇದ್ದದ್ದು ಬಲಗಾಲಿನ ಅಚ್ಚು ಮಾತ್ರ. ಹಾಗಾಗಿ ಧೂಳಲ್ಲಿ ಕಳ್ಳಗುರುತು ಒತ್ತೋಕೆ ಬಲಗಾಲಿನ ಮರದ ಪಾದವನ್ನು ಮಾತ್ರ ಮಾಡಿಸೋಕೆ ಸಾಧ್ಯವಾಗಿತ್ತು.

ಹುಲಿಗೆವ್ವ ನೆಟ್ಟಗೆ ಕೊತ್ವಾಲನ ಚಾವಡಿಗೆ ಹೋದಳು. ಬಾಗಿಲಲ್ಲಿ ಏಳೆಂಟು ಜನ ಸಾಲಾಗಿ ನಿಂತಿದ್ದರು.

"ನನಗೆ ಈ ಕೆಲಸ ಬೇಡ ಬುದ್ಧಿ" ಅಂದಳು.

"ಬೇಡವಾ? ಸರಿ. ಹೆಜ್ಜೆ ಓದುವವಳು ಒಲ್ಲೆ ಅಂದಳು ಅಂತ ಮಹಾರಾಜರಿಗೆ ಹೇಳಿದರಾಯ್ತು" ಅಂದ ಕೊತ್ವಾಲ, ತಲೆ ಎತ್ತದೆ. "ಮುಂದಿನವರು ಬನ್ನಿ."

ಮುಂದಿನವನು ಬಂದ. ಹೊಸದಾಗಿ ಮದುವೆಯಾದವನು. ಪಾದದ ಅಂಚಿನಲ್ಲಿ ಅರಿಶಿನ ಇನ್ನೂ ಹೋಗಿರಲಿಲ್ಲ. ಕೆಲಸ ಸಿಕ್ಕಿತು ಅನ್ನೋ ಖುಷಿಗೆ ಹಲ್ಲು ಕಿರಿಯುತ್ತ, ಬಲಗಾಲನ್ನು ಹಸಿ ಮಣ್ಣಿನ ಮೇಲೆ ಎತ್ತಿದ.

ನೋಡಿ ಮಕ್ಕಳೇ, ಇಲ್ಲಿ ಸುಮ್ಮನೆ ಹೊರಟುಬಿಟ್ಟಿದ್ದರೆ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಅವಳ ಕಾಲು ಉಳಿಯುತ್ತಿತ್ತು. ಸಂಜೆಯೊಳಗೆ ಉಪ್ಪಿನ ತಾಂಡಾ ಸಿಗುತ್ತಿತ್ತು. ಜಾಣರಾದವರು ಅದನ್ನೇ ಮಾಡುತ್ತಿದ್ದರು, ಮಾಡುತ್ತಲೂ ಇದ್ದಾರೆ. ಆದರೆ ಆ ಹುಡುಗಿಗೆ ಪಾದ ನೋಡುವ ಅಭ್ಯಾಸ. ಅರಿಶಿನದ ಪಾದ ನೋಡಿದಳು. ನೋಡಿದ ಮೇಲೆ ಹೋಗಲಾಗಲಿಲ್ಲ.

"ಏ ತಮ್ಮಾ, ಕಾಲು ತೆಗಿ" ಅಂದಳು. "ಮನಸ್ಸು ಬದಲಾಯಿಸಿದೆ ಬುದ್ಧಿ. ನಾನೇ ಸೇರ್ತೀನಿ."

ಮದುಮಗ ಅವಳನ್ನು ಬಾಯಿಗೆ ಬಂದಂತೆ ಬೈದ. ಬಾಯಿಗೆ ಬಂದ ತುತ್ತು ಕಿತ್ತುಕೊಂಡಳು ಅಂತ ಅವನ ಹೆಂಡತಿ ಬಾಗಿಲಲ್ಲಿ ನಿಂತು ಶಾಪ ಹಾಕಿದಳು. ಉಪಕಾರ ಅನ್ನೋದು ಮಾಡಿಸಿಕೊಂಡವರಿಗೆ ಎಷ್ಟೋ ಸಲ ಗೊತ್ತೇ ಆಗೋದಿಲ್ಲ.

ಹುಲಿಗೆವ್ವ ಬಲಗಾಲನ್ನು ಮಣ್ಣಿನಲ್ಲಿ ಒತ್ತಿದಳು. ಕೊತ್ವಾಲ ಪೇಟ ತರಲು ಒಳಗೆ ತಿರುಗಿದ. ಅವಳು ಕಾಲಿಗಂಟಿದ ಕೆಸರು ಒರೆಸುವವಳಂತೆ ಬಗ್ಗಿ, ಅಚ್ಚಿನಲ್ಲಿ ಮೂಡಿದ್ದ ಕಿರುಬೆರಳಿನ ಗುರುತನ್ನು ಹೆಬ್ಬೆರಳಿನಿಂದ ನುಣ್ಣಗೆ ಸವರಿಬಿಟ್ಟಳು. ಕೊತ್ವಾಲ ಬಂದು ಅಚ್ಚನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬೆರಳು ಎಣಿಸಲಿಲ್ಲ. ಕೈಕೆಳಗಿನವರ ಕಾಲು ನೋಡುವ ಅಭ್ಯಾಸ ಅವನಿಗೂ ಇರಲಿಲ್ಲ.

ಉಳಿದವರಿಗೆ ಒಂದೊಂದು ವರ್ಷ ಕೊಟ್ಟಿದ್ದ ಕೊತ್ವಾಲ ಇವಳಿಗೆ ಅಷ್ಟು ಕೊಡಲಿಲ್ಲ. ಹೆಜ್ಜೆ ಓದುವವಳನ್ನು ಬಹಳ ದಿನ ಹತ್ತಿರ ಇಟ್ಟುಕೊಳ್ಳೋಕೆ ಅವನಿಗೆ ಅಂಜಿಕೆ. ಒಂಬತ್ತನೇ ದಿನ ಬೆಳಗ್ಗೆ ನೋಡಿದರೆ ಉಗ್ರಾಣದ ಬೆಳ್ಳಿ ದೀಪಗಳು ಇರಲಿಲ್ಲ. ಬಾಗಿಲ ಧೂಳಿನಲ್ಲಿ ಒಂದು ಬಲಪಾದದ ಗುರುತು ಇತ್ತು.

ಉಗ್ರಾಣದ ಮುಂದಿನ ಅಂಗಳದಲ್ಲೇ ಸಭೆ ಸೇರಿತು. ಹುಲಿಗೆವ್ವನ ಕೈ ಕಟ್ಟಿ ತಂದರು. ಅವ್ವನಿಗೂ ಸುದ್ದಿ ಹೋಗಿತ್ತು. ಅವಳು ಬಂದಾಗ ನಿಜವಾಗಿಯೂ ನಾಲ್ಕು ಜನ ಎದ್ದು ನಿಂತರು, ಕಳ್ಳಿಯ ತಾಯಿಯನ್ನು ನೋಡೋಕೆ. ಅಂಗಳದ ಮೂಲೆಯಲ್ಲಿ ಮರದ ಕೊರಡು ಇಟ್ಟಿದ್ದರು. ಪಕ್ಕದಲ್ಲಿ ಒಬ್ಬ ಕೊಡಲಿ ಹಿಡಿದು ನಿಂತಿದ್ದ. ಕೊತ್ವಾಲ ಧೂಳಿನ ಗುರುತನ್ನೂ ಮಣ್ಣಿನ ಅಚ್ಚನ್ನೂ ತೋರಿಸಿದ. ರಾಜ ಮೇಲಿಂದಲೇ ಇಣುಕಿ, "ಹೊಂದುತ್ತೆ" ಅಂದ.

"ಮಹಾಸ್ವಾಮಿ, ಪಾದ ಹೋಗೋ ಮುಂಚೆ ಮೂರು ಮಾತು ಕೇಳಬಹುದಾ?" ಅಂದಳು ಹುಲಿಗೆವ್ವ.

"ಕೇಳು."

"ಕೊತ್ವಾಲರೇ, ಧೂಳಲ್ಲಿರೋ ಗುರುತು, ನಿಮ್ಮ ಅಚ್ಚು, ಎರಡೂ ಒಂದೇನಾ?"

"ಕೂದಲಷ್ಟೂ ವ್ಯತ್ಯಾಸ ಇಲ್ಲ."

"ಈ ಅಚ್ಚು ಇಷ್ಟು ದಿನ ಯಾರ ಹತ್ತಿರ ಇತ್ತು?"

"ನನ್ನ ಕಪಾಟಲ್ಲಿ, ಬೀಗದೊಳಗೆ. ಕೀಲಿ ನನ್ನ ಸೊಂಟದಲ್ಲಿ. ನಾನಲ್ಲದೆ ಬೇರೆ ಒಂದು ನರಪಿಳ್ಳೆ ಮುಟ್ಟಿಲ್ಲ."

"ಸರಿ. ಅದರಲ್ಲಿ ಬೆರಳು ಎಷ್ಟಿದೆ, ಎಣಿಸಿ ಹೇಳಿ."

ಕೊತ್ವಾಲ ಎಣಿಸಿದ. ಇನ್ನೊಂದು ಸಲ ಎಣಿಸಿದ. ಮೂರನೇ ಸಲವೂ ಎಣಿಸಿದ.

"ನಾಲ್ಕು" ಅಂದ.

ಹುಲಿಗೆವ್ವ ಕಟ್ಟಿದ ಕೈಯಲ್ಲೇ ಸೀರೆಯ ಅಂಚು ಸರಿಸಿ, ಸಿಂಹಾಸನದ ಮೆಟ್ಟಿಲ ಮೇಲೆ ಬಲಗಾಲು ಇಟ್ಟಳು. ರಾಜ ಬಗ್ಗಿ ನೋಡಿದ. ಪಟ್ಟಕ್ಕೆ ಬಂದ ಮೇಲೆ ಅವನು ಪ್ರಜೆಗಳ ಪಾದ ನೋಡಿದ್ದು ಅದೇ ಮೊದಲು ಅಂತಾರೆ. ಐದು ಬೆರಳಿದ್ದವು.

"ಕಿರುಬೆರಳನ್ನ ಅಚ್ಚು ಕೊಟ್ಟ ದಿನವೇ ನಾನು ಅಳಿಸಿದ್ದೆ ಸ್ವಾಮಿ. ನಾಲ್ಕು ಬೆರಳಿನ ಪಾದ ಈ ಲೋಕದಲ್ಲಿ ನನಗಿಲ್ಲ. ಇದ್ದದ್ದು ಕೊತ್ವಾಲರ ಬೀಗದೊಳಗೆ ಮಾತ್ರ."

ಕೊತ್ವಾಲನ ಮನೆ ಶೋಧಿಸಿದರು. ಬೆಳ್ಳಿ ದೀಪಗಳು ಸಿಕ್ಕವು. ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ಮರದ ಪಾದಗಳೂ ಸಿಕ್ಕವು. ಒಂದಕ್ಕೆ ಹಿಮ್ಮಡಿಯಲ್ಲಿ ಬಿರುಕು ಕೂಡ ಕೆತ್ತಿದ್ದರು. ದುರುಗಪ್ಪ ಅದನ್ನು ಕೈಗೆ ತೆಗೆದುಕೊಂಡು ಮಗುವನ್ನು ನೇವರಿಸುವ ಹಾಗೆ ನೇವರಿಸಿದ.

"ಇವನ ಪಾದ ಕತ್ತರಿಸಿ!" ಅಂತ ರಾಜ ಗುಡುಗಿದ.

"ಬೇಡ ಬುದ್ಧಿ" ಅಂದ ದುರುಗಪ್ಪ. "ಕೋಲಿನ ತೂತು ಈ ಊರ ಧೂಳಲ್ಲಿ ಮೂರಿವೆ. ನಾಲ್ಕನೇದು ಬೇಡ."

ಕೊತ್ವಾಲನನ್ನು ಸೆರೆಗೆ ಹಾಕಿದರು. ಮೂವರಿಗೂ ಒಂದೊಂದು ಶಾಲು ಹೊದಿಸಿದರು. ಪಾದ ಹೋದವರಿಗೆ ಶಾಲು. ಅರಮನೆಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ.

ಆಮೇಲೆ ರಾಜ ಹುಲಿಗೆವ್ವನನ್ನು ಕರೆದ. "ಇನ್ನು ನೀನೇ ಕೊತ್ವಾಲ. ಪೇಟ, ಬೆತ್ತ, ಕುದುರೆ, ಎಲ್ಲ ನಿನ್ನದು. ಇಂಥ ಕೆಲಸ ಮತ್ತೆ ಸಿಗೋದಿಲ್ಲ."

"ಒಂದು ಮಾತು ಸ್ವಾಮಿ. ಆ ಮೂವರ ಪಾದ ಕತ್ತರಿಸಿ ಅಂದದ್ದು ಯಾರು?"

ರಾಜ ತನ್ನ ಉಂಗುರ ತಿರುಗಿಸಿಕೊಂಡ.

"ಇನ್ನು ಮುಂದೆ ಕಾವಲಿಗೆ ಸೇರೋರ ಅಚ್ಚು ತಗೊಳ್ಳೋದು ನಿಲ್ಲುತ್ತಾ?"

"ಹಳೇ ಪದ್ಧತಿ. ನೋಡೋಣ" ಅಂದ ರಾಜ.

ಅವಳು ಪೇಟವನ್ನು ಮಡಚಿ ಮೆಟ್ಟಿಲ ಮೇಲಿಟ್ಟಳು. ಚಾವಡಿಯ ಕಪಾಟಿನಲ್ಲಿದ್ದ ಅಚ್ಚುಗಳನ್ನೆಲ್ಲ, ಯಾರಾದರೂ "ನೋಡೋಣ" ಅನ್ನುವ ಮುಂಚೆ, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕೆರೆಗೆ ಹಾಕಿದಳು. ಮಣ್ಣು ಮಣ್ಣಿಗೆ ಸೇರಿ ನೀರು ಸ್ವಲ್ಪ ಹೊತ್ತು ಕೆಂಪಾಯಿತು.

ಹಟ್ಟಿಗೆ ಹೋದಳು. ಕುರುಬರು ಬೇರೆ ಹುಡುಗನನ್ನು ಇಟ್ಟುಕೊಂಡಾಗಿತ್ತು. ಬಿಡಾರದ ಬಯಲಿಗೆ ಹೋದಳು. ಬೂದಿ, ಸಗಣಿ, ಅಲ್ಲಲ್ಲಿ ಚೆಲ್ಲಿದ ಉಪ್ಪು. ಸೋಮ್ಲಿಬಾಯಿ ಹೇಳಿದ ಹಾಗೆ ಮೂರನೇ ದಿನ ಸಂಜೆಯವರೆಗೆ ಕಾದು ಹೊರಟುಹೋಗಿದ್ದಳು. ಒಳ್ಳೆಯ ಕೆಲಸಗಳು ಡಂಗುರ ಹೊಡೆದು ಕರೆಯೋದಿಲ್ಲ, ಕುದುರೆ ಹತ್ತಿ ಮನೆಗೂ ಬರೋದಿಲ್ಲ. ಸುಮ್ಮನೆ ಕಾಯುತ್ತವೆ, ಹೊತ್ತು ಮೀರಿದರೆ ಸುಮ್ಮನೆ ಹೋಗುತ್ತವೆ.

ಹುಲಿಗೆವ್ವ ಕೂತು ನೆಲ ನೋಡಿದಳು. ನೂರು ಎತ್ತಿನ ಗೊರಸು, ಒಂಬತ್ತು ದಿನ ಹಳೆಯದು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಎಲ್ಲ ಅಳಿಸಿಹೋಗುತ್ತೆ. ಎದ್ದು ಹೊರಟಳು.

ತಾಂಡಾ ಸಿಕ್ಕಿತಾ ಅಂತ ಕೇಳ್ತೀರಿ. ನನಗೆ ಗೊತ್ತಿಲ್ಲ. ಮಳೆ ಬಂದದ್ದು ಗೊತ್ತು. ಕೆಮ್ಮಣ್ಣುಗಡದಲ್ಲಿ ಹೊಸ ಕೊತ್ವಾಲ ಬಂದದ್ದು ಗೊತ್ತು, ಚಾವಡಿಯ ಮುಂದೆ ಮತ್ತೆ ಸಾಲು ನಿಂತದ್ದೂ ಗೊತ್ತು. ಆದರೆ ಆ ಸಾಲಿನವರು ಒಳಗೆ ಹೋಗುವ ಮುಂಚೆ ಹುಣಸೆಮರದ ಹತ್ತಿರ ಹೋಗಿ ದುರುಗಪ್ಪನನ್ನು ಮಾತಾಡಿಸಿಕೊಂಡು ಬರುತ್ತಿದ್ದರಂತೆ. ಅಷ್ಟಾದರೂ ಬದಲಾಯಿತು. ಆ ಮದುಮಗ ಮಾತಾಡಿಸಿ ಬಂದವನು ಸಾಲಿಗೆ ನಿಲ್ಲದೆ ಮನೆಗೆ ಹೋದನಂತೆ.

ನೀತಿ ಏನು ಅಂದರೆ, ಮಕ್ಕಳೇ, ಯಾರಾದರೂ ನಿಮ್ಮನ್ನು ಕೆಲಸಕ್ಕೆ ಕರೆದರೆ ಏನು ಕೊಡ್ತೀರಿ ಅಂತ ಆಮೇಲೆ ಕೇಳಿ. ಆ ಜಾಗದಲ್ಲಿ ನಿಮಗಿಂತ ಮುಂಚೆ ಇದ್ದವರು ಈಗ ಹೇಗೆ ನಡೆಯುತ್ತಿದ್ದಾರೆ, ಅದನ್ನು ಮೊದಲು ನೋಡಿ ಬನ್ನಿ.

ಕಥೆ ಅಷ್ಟೇ. ಏಳಿ, ನಿಧಾನ. ಕಾಲು ಜೋಮು ಹಿಡಿದಿರುತ್ತೆ. ಹಿಡಿಯಲಿ, ಎರಡೂ ಇವೆಯಲ್ಲ.