ಬಕೆಟ್ ನಾಟಕದ ಬಾಗಿಲು

ಫಕ್ಕೀರಪ್ಪ ಧಾರವಾಡದ ಒಂದು ರಂಗಮಂದಿರದಲ್ಲಿ ಬಾಗಿಲು ಕಾಯುತ್ತಿದ್ದ. ಅಲ್ಲಿ ನಿರ್ದೇಶಕ ವಾಮನರಾಯರ ಹೊಸ ನಾಟಕ ಶುರುವಾಯಿತು. ಐದು ಜನ ಒಂದು ಖಾಲಿ ಬಕೆಟ್ಟಿನ ಸುತ್ತ ಎರಡೂವರೆ ತಾಸು ನಿಲ್ಲುತ್ತಿದ್ದರು. ಆಗಾಗ ಒಬ್ಬ "ಇದು ಬಕೆಟ್ ಅಲ್ಲ" ಎನ್ನುತ್ತಿದ್ದ. ಮೊದಲ ದಿನ ಅರ್ಧ ತಾಸಿಗೇ ಪ್ರೇಕ್ಷಕರೆಲ್ಲ ಎದ್ದು ಹೋದರು. ಅವರ ಹಿಂದೆ ನಟರಲ್ಲೂ ಒಬ್ಬ ನಡೆದುಬಿಟ್ಟ.

ರಾಯರು ಫಕ್ಕೀರಪ್ಪನ ಮೇಲೆ ಹರಿಹಾಯ್ದರು. "ನಾಳೆ ಪ್ರಶಸ್ತಿ ಸಮಿತಿಯವರು ಬರ್ತಾರ. ನಡುವ ಒಬ್ಬ ಎದ್ದು ಹೋದರೂ ನಿನ್ನ ನೌಕರಿ ಹೋತಂತ ತಿಳಿ!"

"ಬಾಗಲಕ್ಕ ಕೀಲಿ ಹಾಕ್ಲೇನ್ರೀ?"

"ಕೀಲಿ ಗೀಲಿ ಬ್ಯಾಡ. ಮಂದಿ ತಾವಾಗೇ ಕೂತಿರಬೇಕು."

ಮರುದಿನ ಫಕ್ಕೀರಪ್ಪ ಬಾಗಿಲ ಒಳಮಗ್ಗುಲಿಗೆ ಒಂದು ಹಲಗೆ ತೂಗುಹಾಕಿದ. "ನಾಟಕ ಅರ್ಥವಾದವರು ಯಾವಾಗ ಬೇಕಾದರೂ ಹೊರಗೆ ಹೋಗಬಹುದು. ಹೋಗುವಾಗ ಅರ್ಥವನ್ನು ಬಾಗಿಲು ಕಾಯುವವನಿಗೆ ಹೇಳಿ ಹೋಗಬೇಕು."

ಇಪ್ಪತ್ತು ನಿಮಿಷಕ್ಕೆ ಒಬ್ಬ ಪ್ರೊಫೆಸರು ಎದ್ದು ಬಂದರು. ಹಲಗೆ ಓದಿದರು, ಕೆಮ್ಮಿದರು, ವಾಪಸು ಹೋಗಿ ಕೂತರು. ಆಮೇಲೆ ಯಾರೂ ಏಳಲಿಲ್ಲ. ನಾಟಕ ಮುಗಿದು ಪರದೆ ಬಿದ್ದ ಮೇಲೂ ಏಳಲಿಲ್ಲ. ಪ್ರಶಸ್ತಿ ಸಮಿತಿಯಂತೂ ಬಕೆಟ್ಟಿನಷ್ಟೇ ನಿಶ್ಚಲವಾಗಿ ಕೂತಿತ್ತು.

ರಾಯರು ಹಿಗ್ಗಿ ಓಡಿ ಬಂದರು. "ಶಾಬಾಷ್ ಫಕ್ಕೀರಪ್ಪಾ! ನಿನ್ನ ನೌಕರಿ ಗಟ್ಟಿ ಆತು. ತಡಿ, ಹೊರಗ ಹೋಗಿ ಒಂದು ಚಹಾ ಕುಡದು ಬರ್ತೀನಿ."

ಫಕ್ಕೀರಪ್ಪ ಬಾಗಿಲಿಗೆ ಅಡ್ಡ ನಿಂತು ಕೈಮುಗಿದ. "ಅರ್ಥ ಹೇಳಿ ಹೋಗ್ರೀ, ಸರ."

ರಾಯರು ಹಲಗೆ ಓದಿದರು. ಪರದೆಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೋಗಿ ಪ್ರೊಫೆಸರ ಪಕ್ಕದ ಕುರ್ಚಿಯಲ್ಲಿ ಕೂತರು.

"ಚಹಾ ಇಲ್ಲಿಗೇ ತರಸಪಾ," ಎಂದರು.