ಹೆಸರು ಮುಚ್ಚಿಟ್ಟ ಶಿಷ್ಯ

ಕಾವೇರಿ ದಡದಲ್ಲಿ ಸುಭದ್ರಮ್ಮ ಅಂತ ಒಬ್ಬ ಗುರು ಇದ್ದರು. ಒಂದು ಹಂಚಿನ ಜಗಲಿ, ನಾಲ್ಕಾರು ಚಾಪೆ, ಒಂದು ಜೊತೆ ಸ್ಪೀಕರ್. ಆಶ್ರಮ ಅಂದರೆ ಅಷ್ಟೇ.

ಚಿಕ್ಕಂದಿನಿಂದ ವೀಣೆ ನುಡಿಸಿದವರು. ಬೆರಳು ಸೆಟೆದುಕೊಂಡ ಮೇಲೆ ನುಡಿಸುವುದು ನಿಂತಿತು, ಕೇಳುವ ಚಪಲ ಮಾತ್ರ ನಿಲ್ಲಲಿಲ್ಲ. ಅದೂ ಎಂಥ ಚಪಲ! ಯಾವ ಕಂಪನಿಯ ಹಂಗೂ ಇಲ್ಲದೆ ಹುಡುಗರು ಮನೆಯಲ್ಲೇ ಕಟ್ಟಿ ಇಂಟರ್ನೆಟ್ಟಿಗೆ ಬಿಡುವ ಹಾಡು, ಕಂಪ್ಯೂಟರಿನಲ್ಲಿ ಹುಟ್ಟುವ ಎಲೆಕ್ಟ್ರಾನಿಕ್ ಸಂಗೀತ, ಎಲ್ಲವೂ ಬೇಕು ಅವರಿಗೆ.

ಶಿಷ್ಯರಿಗೆ ಇದ್ದ ಸಾಧನೆಯೂ ಅದೇ. ಎಲ್ಲಿಂದಾದರೂ ಹೊಸ ಸಂಗೀತ ಹುಡುಕಿ ತರಬೇಕು, ಎಲ್ಲರೂ ಕೂತು ಕೊನೆಯವರೆಗೆ ಕೇಳಬೇಕು. ನಡುವೆ ಬಾಯಿ ಬಿಟ್ಟವರಿಗೆ ಅವತ್ತು ಪಾತ್ರೆ ತೊಳೆಯುವ ಕೆಲಸ.

ಶಿಷ್ಯರಲ್ಲಿ ಉಲ್ಲಾಸನ ಕಿವಿಯೇ ಕಿವಿ. ಇವತ್ತು ಅವನು ತಂದ ಹಾಡನ್ನು ಮುಂದಿನ ವರ್ಷ ಊರೆಲ್ಲ ಗುನುಗುತ್ತಿತ್ತು. ಹೊಗಳಬೇಕಾದ್ದೇ, ನಾನೇನು ಇಲ್ಲ ಅನ್ನುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವನು ಮೈಸೂರಿನಿಂದ ಬಂದವನೇ ಗುರುಗಳ ಎದುರು ಕೂತ.

"ಅಮ್ಮಾ, ನಿನ್ನೆ ಸಂಜೆ ಒಂದು ಸಂಗೀತ ಕೇಳಿದೆ. ಇನ್ನೂ ಮೈ ಜುಮ್ ಅಂತಿದೆ."

"ಎಲ್ಲೋ?"

"ಬಸ್ ಸ್ಟಾಪ್ ಎದುರು ಒಂದು ಟೀ ಹೋಟೆಲ್ ಇದೆ. ಅದರ ಮಹಡಿ ಮೇಲೆ. ಒಬ್ಬಳು ಹುಡುಗಿ, ಒಂದು ಲ್ಯಾಪ್‌ಟಾಪ್, ತಿರುಗಿಸೋ ಗುಂಡಿಗಳಿರೋ ಒಂದು ಪೆಟ್ಟಿಗೆ. ಕೇಳೋಕೆ ನಾನೂ ಸೇರಿ ಐದಾರು ಜನ."

"ಏನು ನುಡಿಸಿದಳು?"

"ಅವರಮ್ಮನ ಹೊಲಿಗೆ ಮಿಷನ್ ಸದ್ದನ್ನ ರೆಕಾರ್ಡ್ ಮಾಡಿಕೊಂಡಿದ್ದಾಳೆ. ಅದೇ ತಾಳ. ಮೊದಲು ನಿಧಾನ. ಆಮೇಲೆ ಕೆಳಗಿಂದ ಒಂದು ದಪ್ಪ ನಾದ ಎದ್ದು ಬರುತ್ತೆ, ಎದೆಗೂಡಲ್ಲೇ ಬಡಿಯುತ್ತೆ ಅಮ್ಮಾ. ಅದರ ಮೇಲೆ ಅವಳು ಹಾಡೋದೂ ಇಲ್ಲ, ಬರೀ ಗುನುಗ್ತಾಳೆ. ನನಗೆ ಅಳು ಬಂದುಬಿಡ್ತು."

ಸುಭದ್ರಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಆಹಾ! ಹೆಸರೇನು ಆ ಮಗೂದು?"

"ಹೇಳಲ್ಲ ಅಮ್ಮಾ."

ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುರುವಿಗೇ ಹೇಳಲ್ಲ ಅಂತಾನಲ್ಲ, ಏನು ಧೈರ್ಯ!

"ಯಾಕೋ ಮಹರಾಯ?"

"ಹೇಳಿದ್ರೆ ಎಲ್ಲರೂ ಹೋಗಿ ಮುತ್ತಿಕೊಳ್ತಾರೆ. ಆ ಕೊಡಗಿನ ಹುಡುಗರ ಬ್ಯಾಂಡ್ ಹುಡುಕಿದ್ದು ನಾನು. ಈಗ ಮದುವೆ ಮನೇಲೂ ಅವರದೇ ಹಾಡು. ನಾನು ಕೇಳೋದೇ ಬಿಟ್ಟೆ."

"ಹಾಡು ಕೆಟ್ಟುಹೋಯ್ತಾ?"

"ಇಲ್ಲ."

"ಹುಡುಗರು ಕೆಟ್ಟರಾ?"

"ಅವರೂ ಇಲ್ಲ. ಆದ್ರೆ ಅದು ನಂದು ಅಂತ ಅನ್ನಿಸಲ್ಲ."

"ಓಹೋ" ಅಂದರು ಸುಭದ್ರಮ್ಮ. "ಸರಿ, ಈ ಹುಡುಗಿ ಮತ್ತೆ ಯಾವಾಗ ನುಡಿಸ್ತಾಳಂತೆ?"

"ಬರೋ ಭಾನುವಾರ. ಅದೇ ಕೊನೇದೋ ಏನೋ."

"ಅದೇನು ಹಾಗಂದ್ರೆ?"

"ಆ ಭಾನುವಾರವೂ ಜನ ಬರದಿದ್ರೆ ಮಹಡಿ ಬೇರೆಯವರಿಗೆ ಕೊಡ್ತೀನಿ ಅಂದಿದ್ದಾರಂತೆ ಹೋಟೆಲ್ ಯಜಮಾನರು. ಬೇರೆ ಎಲ್ಲೂ ಅವಳಿಗೆ ಜಾಗ ಕೊಡೋರಿಲ್ಲ. ಇಲ್ಲೂ ಹೋಯ್ತು ಅಂದ್ರೆ ಪೆಟ್ಟಿಗೆ ಅಟ್ಟಕ್ಕೆ ಹಾಕಿ ಅಮ್ಮನ ಜೊತೆ ಹೊಲಿಯೋಕೆ ಕೂರ್ತೀನಿ ಅಂದಳು."

"ಅಯ್ಯೋ ಪಾಪ. ಆಮೇಲೆ?"

"ಆಮೇಲೇನು ಅಮ್ಮಾ, ನಾನು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೀನಲ್ಲ."

ಈ ಮಾತನ್ನು ಅವನು ಹೆಮ್ಮೆಯಿಂದ ಹೇಳಿದ, ಕಣ್ರೀ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಸುಭದ್ರಮ್ಮ ನನ್ನ ಹಾಗಲ್ಲ. ಅವರು ನಕ್ಕರು.

"ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳೇನೋ? ಇವತ್ತಲ್ಲ ನಾಳೆ ಹೆಸರು ಗೊತ್ತಾಗುತ್ತೆ."

"ಅಲ್ಲಿವರೆಗಾದ್ರೂ ನನಗಿರಲಿ ಅಮ್ಮಾ."

"ಇರಲಿ ಬಿಡು. ನಾನು ಹೆಸರು ಕೇಳಲ್ಲ. ಭಾನುವಾರ ನನ್ನನ್ನ ಕರಕೊಂಡು ಹೋಗ್ತೀಯಾ?"

ಉಲ್ಲಾಸ ತಲೆ ಕೆರೆದುಕೊಂಡ.

"ನೀವೊಬ್ಬರೇ ಆದ್ರೆ..."

"ನಾನೊಬ್ಬಳೇ."

ಹೀಗೆ ಭಾನುವಾರ ಸಂಜೆ ಗುರು ಶಿಷ್ಯರಿಬ್ಬರೂ ಆ ಹೋಟೆಲಿಗೆ ಹೋದರು. ಮೆಟ್ಟಿಲು ಹೋಟೆಲಿನ ಹಿಂದುಗಡೆ, ಬೋರ್ಡೂ ಇಲ್ಲ. ಸುಭದ್ರಮ್ಮನ ಮೊಣಕಾಲು ಮೊದಲೇ ನೋವು. ಉಲ್ಲಾಸ ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದ.

"ಹತ್ತಿದ್ದಾಯ್ತು. ಇಳಿಸೋಕೆ ದೇವರೇ ಬರಬೇಕು" ಅಂದರು ಅವರು.

ಮೇಲೆ ಹಲಗೆ ಹಾಸಿದ ಉದ್ದನೆ ಕೋಣೆ. ಬೀದಿ ಕಡೆಯ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಸಾಲುಸಾಲು ಕುರ್ಚಿ. ಕೂತವರು ಇಬ್ಬರು ಕಾಲೇಜು ಹುಡುಗರು, ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಒಬ್ಬ ಮುದುಕರು, ಅಷ್ಟೇ.

ಹುಡುಗಿಯ ಹೆಸರು ತಬಸ್ಸುಮ್. ಉಲ್ಲಾಸ ಮುಚ್ಚಿಟ್ಟರೇನು, ನಾನು ಹೇಳುತ್ತೇನೆ.

ಅವಳು ಓಡಿಬಂದು ಕುರ್ಚಿ ಎಳೆದುಕೊಟ್ಟಳು. "ಅಜ್ಜಿ, ಸೌಂಡ್ ಜಾಸ್ತಿ ಆದ್ರೆ ಹೇಳಿ."

"ಕಮ್ಮಿ ಆದ್ರೆ ಹೇಳ್ತೀನಿ ಕಣಮ್ಮ" ಅಂದರು ಸುಭದ್ರಮ್ಮ.

ಅವಳು ಶುರುಮಾಡಿದಳು. ಹೊಲಿಗೆ ಮಿಷನ್ ಟಕಟಕ ಅಂತ ಎದ್ದಿತು. ಅದರಡಿಯಲ್ಲಿ ಆ ದಪ್ಪ ನಾದ ಬಂದು ಹಲಗೆ ನಡುಗಿತು. ಅವಳು ಕಣ್ಣು ಮುಚ್ಚಿ ಗುನುಗಿದಳು. ಅದು ಯಾವ ರಾಗವೂ ಅಲ್ಲ, ಆದರೆ ಎಲ್ಲೂ ಶ್ರುತಿ ತಪ್ಪಲಿಲ್ಲ. ಮನೆಯಲ್ಲಿ ಅಮ್ಮ ಹೊಲಿಯುತ್ತಿರುವಾಗ ಪಕ್ಕದಲ್ಲಿ ಮಲಗಿದ ಮಗು ಗುನುಗುತ್ತದಲ್ಲ, ಹಾಗಿತ್ತು.

ಸುಭದ್ರಮ್ಮನ ಸೆಟೆದ ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು.

"ಎಂಥ ಮಗೂನೋ ಇದು!" ಅಂದರು. ನಡುವೆ ಬಾಯಿ ಬಿಡಬಾರದು ಅನ್ನುವ ತಮ್ಮ ಕಟ್ಟಳೆಯನ್ನು ತಾವೇ ಮುರಿದರು.

ಉಲ್ಲಾಸ ಫೋನ್ ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಲೇ ಇದ್ದ.

ಎರಡನೆಯದು ಮುಗಿಯಿತು. ತಬಸ್ಸುಮ್ ತಲೆ ಎತ್ತಿ ಖಾಲಿ ಕುರ್ಚಿಗಳನ್ನು ನೋಡಿದಳು. ಗುಂಡಿಯ ಮೇಲಿದ್ದ ಕೈ ಸುಮ್ಮನಾಯಿತು.

"ಇನ್ನೊಂದು ನುಡಿಸಿ ಮುಗಿಸಿಬಿಡ್ತೀನಿ" ಅಂದಳು.

ಆಗ ಸುಭದ್ರಮ್ಮ ಎದ್ದರು. ಕುಂಟುತ್ತಾ ಹೋಗಿ ಒಂದು ಕಿಟಕಿಯ ಚಿಲಕ ತೆಗೆದರು. ಇನ್ನೊಂದರದ್ದೂ ತೆಗೆದರು. ಬೀದಿಯ ಹಾರ್ನು, ಕೂಗು, ಆಟೋ ಸದ್ದು ಎಲ್ಲ ಒಟ್ಟಿಗೇ ಒಳಗೆ ನುಗ್ಗಿತು.

"ಅಮ್ಮಾ! ಏನು ಮಾಡ್ತಿದ್ದೀರಿ? ಗಲಾಟೆ ಬರುತ್ತೆ, ಎಲ್ಲ ಹಾಳಾಗುತ್ತೆ!"

"ಹಾಳಾಗುತ್ತಾ? ಅವಳನ್ನೇ ಕೇಳು."

ತಬಸ್ಸುಮ್ ಕಿವಿಗೊಟ್ಟು ನಿಂತಿದ್ದಳು. ಕೆಳಗೆ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೂಗುತ್ತಿದ್ದ.

"ಹುಣ್ಸೂರ್ ಹುಣ್ಸೂರ್ ಹುಣ್ಸೂರ್! ಬೇಗ ಬನ್ನಿ, ಬೇಗ ಬನ್ನಿ!"

ಅವಳು ಮೈಕ್ ಎತ್ತಿಕೊಂಡು ಹೋಗಿ ಕಿಟಕಿಯಾಚೆ ಚಾಚಿದಳು. ವಾಪಸ್ಸು ಬಂದು ಯಾವುದೋ ಗುಂಡಿ ತಿರುಗಿಸಿದಳು. ಪೆಟ್ಟಿಗೆಯಿಂದ ಕಂಡಕ್ಟರನ ಕೂಗು ಬಂತು. ತುಂಡುತುಂಡಾಗಿ, ಮತ್ತೆ ಮತ್ತೆ, ಹೊಲಿಗೆ ಮಿಷನ್ನಿನ ತಾಳಕ್ಕೆ ಸರಿಯಾಗಿ. ಹುಣ್ ಹುಣ್ ಹುಣ್ಸೂರ್. ಕೆಳಗಿಂದ ಒಂದು ಹಾರ್ನ್ ಬಂದರೆ ಅದನ್ನೂ ಹಿಡಿದು ಒಳಗೆ ಸೇರಿಸಿದಳು. ಅಬ್ಬಾ, ಆ ಕೈಚಳಕವನ್ನು ನೋಡಬೇಕಿತ್ತು ನೀವು! ಅವಳ ಮುಖದಲ್ಲಿ ಆ ಸಂಜೆ ಮೊದಲ ಸಲ ನಗು ಬಂತು.

ಬೀದಿಯಲ್ಲಿ ಜನ ನಿಂತು ತಲೆ ಎತ್ತಿ ನೋಡತೊಡಗಿದರು. ಮೇಲೆ ಬರುವ ದಾರಿ ಮಾತ್ರ ಯಾರಿಗೂ ಕಾಣಲಿಲ್ಲ.

"ಪಾಪ, ಮೆಟ್ಟಿಲು ಎಲ್ಲಿ ಅಂತ ಗೊತ್ತಾಗ್ತಿಲ್ಲ ಅವರಿಗೆ" ಅಂದರು ಸುಭದ್ರಮ್ಮ. "ನಾನು ಹೋಗಿ ಕರೆಯೋಣ ಅಂದ್ರೆ ಈ ಹಾಳು ಮೊಣಕಾಲು."

ಉಲ್ಲಾಸನಿಗೆ ಅರ್ಥವಾಯಿತು.

"ಈಗಷ್ಟೇ ಶುರುವಾಗಿದೆ ಅಮ್ಮಾ. ಇದನ್ನ ಅವಳು ಇನ್ನೊಂದು ಸಲ ಹೀಗೇ ನುಡಿಸೋಕಾಗಲ್ಲ. ನಾನು ಎದ್ದು ಹೋದ್ರೆ ನನಗೆ ತಪ್ಪಿಹೋಗುತ್ತೆ."

"ಹೌದು. ತಪ್ಪಿಹೋಗುತ್ತೆ."

ಅಷ್ಟು ಹೇಳಿ ಗುರುಗಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಉಲ್ಲಾಸ ತಬಸ್ಸುಮಳನ್ನು ನೋಡಿದ. ಅವಳು ಕಿಟಕಿಯತ್ತ ಬಾಗಿ, ಬೀದಿಯಲ್ಲಿ ನಿಂತ ಆ ಮುಖಗಳನ್ನೇ ನೋಡುತ್ತಾ ನುಡಿಸುತ್ತಿದ್ದಳು. ಫೋನನ್ನು ಜೇಬಿಗೆ ಹಾಕಿಕೊಂಡು ಕೆಳಗೆ ಓಡಿದ.

ಕೆಳಗೆ ಕಂಡಕ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಯಾರ್ರೀ ಅದು? ನನ್ನ ಗಂಟಲು ಇಲ್ಲೇ ಇದೆ, ಮೇಲೆ ಕೂಗ್ತಿರೋರು ಯಾರು?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಉಲ್ಲಾಸನಿಗೆ ಹೆಸರು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

"ತಬಸ್ಸುಮ್!" ಅಂತ ಕೂಗಿದ. "ಅವಳ ಹೆಸರು ತಬಸ್ಸುಮ್! ಅಮ್ಮನ ಹೊಲಿಗೆ ಮಿಷನ್ನಿಂದ ಸಂಗೀತ ಮಾಡ್ತಾಳೆ. ಇಂಥದ್ದು ನೀವು ಹುಟ್ಟಿದಾಗಿಂದ ಕೇಳಿರಲ್ಲ. ಬನ್ನಿ, ಮೆಟ್ಟಿಲು ಈ ಕಡೆ!"

"ಕೂರೋಕೆ ಜಾಗ ಇದೆಯೇನಪ್ಪಾ?" ಅಂದಳು ಹೂವಿನ ಬುಟ್ಟಿ ಹಿಡಿದ ಒಬ್ಬ ಹೆಂಗಸು.

"ಬೇಕಾದಷ್ಟಿದೆ, ಬನ್ನಿ ಅಕ್ಕಾ."

ಕಂಡಕ್ಟರ್ ಡ್ರೈವರಿಗೆ "ಐದೇ ನಿಮಿಷ ಕಣಣ್ಣ" ಅಂದು ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದ. ಅವನೇ ಹೋದ ಮೇಲೆ ಬಸ್ಸಿನಲ್ಲಿದ್ದವರು ಸುಮ್ಮನೆ ಕೂರುತ್ತಾರೆಯೇ? ಅವರೂ ಇಳಿದು ಬಂದರು. ಸ್ವಲ್ಪ ಹೊತ್ತಿಗೆ ಡ್ರೈವರೂ ಬಂದ.

ಉಲ್ಲಾಸ ದಾರಿ ತೋರಿಸುತ್ತಾ ನಿಂತ. ಬಂದವರಿಗೆಲ್ಲ ಹೆಸರು ಹೇಳಿದ. ಹೇಳಿ ಹೇಳಿ ದನಿ ಬಿದ್ದುಹೋಯಿತು. ಕೊನೆಗೆ ತಾನೂ ಮೇಲೆ ಹೋಗೋಣ ಅಂತ ನೋಡಿದರೆ ಕೋಣೆ ತುಂಬಿ, ಬಾಗಿಲು ತುಂಬಿ, ಮೆಟ್ಟಿಲ ಮೇಲೆಲ್ಲ ಜನ. ಕೆಳಗಿನ ಮೆಟ್ಟಿಲಲ್ಲಿ ಗೋಡೆಗೆ ಒತ್ತಿಕೊಂಡು ನಿಂತ.

ಅಲ್ಲಿಂದಲೇ ಕೇಳಿದ. ಅವಳ ಮುಖ ಕಾಣಲಿಲ್ಲ. ದಪ್ಪ ನಾದ ಗೋಡೆಯಲ್ಲಿ ಇಳಿದು ಬೆನ್ನಿಗೆ ಬಡಿಯಿತು. ಮೇಲೆ ಜನ ಕಾಲು ಕುಟ್ಟತೊಡಗಿದರು, ಹಲಗೆಯ ಸದ್ದು ತಾಳದ ಜೊತೆ ಸೇರಿತು. ಅವಳು ಗುನುಗಿದಳು. ಯಾರೋ ಒಬ್ಬರು ಜೊತೆಗೆ ಗುನುಗಿದರು, ಆಮೇಲೆ ಎಲ್ಲರೂ. ಹೋದ ವಾರ ಕೇಳಿದ್ದೇ ಹೌದು, ಆದರೆ ಇಷ್ಟು ದೊಡ್ಡದಾಗಿರಲಿಲ್ಲ. ಉಲ್ಲಾಸ ಅತ್ತ. ಜೇಬಿನಲ್ಲಿದ್ದ ಫೋನ್ ಅವನಿಗೆ ನೆನಪೇ ಆಗಲಿಲ್ಲ.

ಮುಗಿದಾಗ ಚಪ್ಪಾಳೆ ನಿಲ್ಲಲೊಲ್ಲದು. ಹೋಟೆಲ್ ಯಜಮಾನರು ಟೀ ತಟ್ಟೆ ಹಿಡಿದು ಮೆಟ್ಟಿಲ ನಡುವೆ ಸಿಕ್ಕಿಹಾಕಿಕೊಂಡಿದ್ದರು. ಅಲ್ಲಿಂದಲೇ ಕೂಗಿದರು.

"ತಬಸ್ಸುಮ್, ಬರೋ ಭಾನುವಾರಕ್ಕೆ ಇನ್ನೊಂದಷ್ಟು ಕುರ್ಚಿ ತರಿಸ್ತೀನಮ್ಮಾ!"

ಜನ ಇಳಿದು ಹೋದರು. ಬಸ್ಸೂ ಹೋಯಿತು. ಎಲ್ಲರ ಹಿಂದೆ ಸುಭದ್ರಮ್ಮ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಉಲ್ಲಾಸ ಹತ್ತಿ ಹೋಗಿ ಕೈ ಕೊಟ್ಟ.

"ಅಮ್ಮಾ, ನಾನು ಮೊದಲು ಕೇಳಿದ್ದು ಏನೂ ಅಲ್ಲ. ಇವತ್ತು ಅವಳು ಬೇರೆಯೇ ಆಗಿದ್ದಳು."

"ಹೂಂ."

"ಆದ್ರೂ ನೋಡಿ, ಹುಡುಕಿದ್ದು ನಾನು. ಬೀದೀಲಿ ನಿಂತು ಕೂಗಿ ಕರೆದಿದ್ದೂ ನಾನು. ಕೊನೆಗೆ ನನಗೇ ಜಾಗ ಸಿಗಲಿಲ್ಲ."

ಸುಭದ್ರಮ್ಮ ಅವನ ಹೆಗಲ ಮೇಲೆ ಭಾರ ಬಿಟ್ಟು ಕೊನೆಯ ಮೆಟ್ಟಿಲು ಇಳಿದರು.

"ಅವಳಿಗೆ ಸಿಕ್ತಲ್ಲೋ."